ಬಾವಿಯ ಮೇಲೆ ನನ್ನ ದನಿ

ಸಂಜೆಯ ಧಾರಾವಾಹಿಗೆ ನಮ್ಮ ಮನೆಯಲ್ಲಿ ಎಲ್ಲರೂ ಟಿವಿ ಮುಂದೆ ಕೂರುತ್ತಾರೆ. ನಾನೂ ಕೂರುತ್ತೇನೆ. ಆದರೆ ಒಂದು ಜಾಗ ಬಂದಾಗ ಎದ್ದು ಒಳಗೆ ಹೋಗುತ್ತೇನೆ. ಪರದೆಯ ಮೇಲೆ ಒಬ್ಬ ಹೆಂಗಸು ಕಿಟಕಿಯ ಹತ್ತಿರ ಸುಮ್ಮನೆ ನಿಂತಿರುತ್ತಾಳೆ. ಅವಳ ತುಟಿ ಅಲ್ಲಾಡುವುದಿಲ್ಲ. ಎಲ್ಲಿಂದಲೋ ಒಂದು ದನಿ ಬಂದು, ಅವಳಿಗೆ ಆಗ ಇಂಥದ್ದು ಗೊತ್ತಿರಲಿಲ್ಲ, ಅವಳ ಮನಸ್ಸು ಹೀಗಿತ್ತು ಎಂದು ಹೇಳತೊಡಗುತ್ತದೆ. ಆ ದನಿಗೆ ಮುಖವಿಲ್ಲ. ಅದು ಆ ಮನೆಯೊಳಗೂ ಇಲ್ಲ, ಹೊರಗೂ ಇಲ್ಲ. ಆದರೂ ಅದು ಹೇಳಿದ್ದೇ ನಿಜವಾಗಿಬಿಡುತ್ತದೆ. ನಟಿ ಬೆಳಕಿನ ಝಳಕ್ಕೆ ಕಣ್ಣು ಕಿರಿದು ಮಾಡಿದ್ದರೂ, ದುಃಖ ಎಂದು ದನಿ ಹೇಳಿತೆಂದರೆ ನಮಗೆ ದುಃಖವೇ ಕಾಣುತ್ತದೆ.

“ಯಾಕತ್ತೆ, ಕಥೆ ಹಿಡಿಸ್ಲಿಲ್ವಾ?” ಎಂದು ಸೊಸೆ ಕೇಳುತ್ತಾಳೆ.

“ಕಾಲು ಹಿಡ್ಕೊಳ್ತು ಕಣಮ್ಮ,” ಅನ್ನುತ್ತೇನೆ.

ಕಾಲಿಗೇನೂ ಆಗಿರುವುದಿಲ್ಲ. ಬಹಳ ಹಿಂದೆ ಒಂದು ಸಂಜೆ ನಾನೂ ಅಂಥ ದನಿಯಾಗಿದ್ದೆ. ನನ್ನ ಮಾತನ್ನು ನಂಬಿ ಒಂದು ಮೈದಾನದ ತುಂಬ ಜನ ಅಲ್ಲಾಡದೆ ಕೂತಿದ್ದರು. ಅವರ ಕಣ್ಣೆದುರಿಗೇ ನಮ್ಮಣ್ಣ ನೀರಿನಲ್ಲಿ ಮುಳುಗುತ್ತಿದ್ದ.

ಅರವತ್ತರ ದಶಕದ ಮೊದಲ ವರ್ಷಗಳು. ಜಯನಗರದಲ್ಲಿ ಆಗ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಎಲ್ಲಿ ನೋಡಿದರೂ ಸುಣ್ಣದ ಗುಂಡಿ, ಮರಳ ಗುಡ್ಡೆ, ಗಾಡಿಯಿಂದ ಇಳಿಸಿದ, ಗೋಡೆ ಕಟ್ಟುವ ಸೈಜುಗಲ್ಲು. ನಾವು ಚಾಮರಾಜಪೇಟೆಯ ಬಾಡಿಗೆ ಮನೆ ಬಿಟ್ಟು ಅಲ್ಲಿಗೆ ಬಂದು ಎರಡು ವರ್ಷವಾಗಿತ್ತು. ಅಪ್ಪ ಸರ್ಕಾರಿ ಕಚೇರಿಯಲ್ಲಿ ಕೆಲಸದಲ್ಲಿದ್ದರು. ಅಣ್ಣ ಓದು ಮುಗಿಸಿ ಕೆಲಸಕ್ಕೆ ಅರ್ಜಿ ಹಾಕುತ್ತ ಮನೆಯಲ್ಲಿದ್ದ. ನಾನು ಬಿ.ಎ. ಕೊನೆಯ ವರ್ಷದಲ್ಲಿದ್ದೆ.

ಟೆಲಿವಿಷನ್ ಎಂಬುದನ್ನು ನಾವು ಪತ್ರಿಕೆಯಲ್ಲಿ ಓದಿದ್ದೆವು, ಅಷ್ಟೇ. ನಮಗಿದ್ದದ್ದು ರೇಡಿಯೋ ನಾಟಕ. ರಸ್ತೆಯಲ್ಲಿ ರೇಡಿಯೋ ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಹಾಗಾಗಿ ನಾಟಕದ ದಿನ ಅಕ್ಕಪಕ್ಕದವರೆಲ್ಲ ನಮ್ಮ ಹಜಾರದಲ್ಲಿ ಜಮಖಾನದ ಮೇಲೆ ಕೂತು, ಉಸಿರು ಬಿಗಿ ಹಿಡಿದು ಕೇಳುತ್ತಿದ್ದರು. ಅದರಲ್ಲಿ ನಿರೂಪಕ ಎಂಬೊಬ್ಬ ಇರುತ್ತಿದ್ದ. ಬಾಗಿಲು ತೆರೆಯಿತು, ಅವನು ಒಳಗೆ ಬಂದ, ದೀಪ ಸಣ್ಣಗಿತ್ತು ಎಂದು ಅವನು ಹೇಳಿದರೆ ನಾವು ಖಾಲಿ ಗೋಡೆಯನ್ನು ನೋಡುತ್ತ ಅದನ್ನೆಲ್ಲ ಕಾಣುತ್ತಿದ್ದೆವು. ನೆಲದ ಮೇಲೆ ಒಂದು ಲೋಟ ಬಿದ್ದರೂ ಯಾರಾದರೂ ಅದು ನಾಟಕದ್ದೇ ಸದ್ದು ಅಂದುಕೊಳ್ಳುತ್ತಿದ್ದರು.

ಹಾಗೆ ಬಂದು ಕೂರುತ್ತಿದ್ದವರಲ್ಲಿ ಎರಡು ಮನೆಯಾಚೆಯ ಮೇಷ್ಟ್ರು ಒಬ್ಬರು. ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದ, ಮೂವತ್ತೈದರ ಆಸುಪಾಸಿನ, ಮದುವೆಯಾಗದ ಮನುಷ್ಯ. ರೇಡಿಯೋ ನಾಟಕವೆಂದರೆ ಅವರಿಗೆ ಹುಚ್ಚು. ನಮ್ಮ ಬಡಾವಣೆಯ ಸಂಘದ ವಾರ್ಷಿಕೋತ್ಸವಕ್ಕೆ ನಾಟಕ ಆಡಿಸಬೇಕೆಂದಾಗ ಅವರೇ ಬರೆದರು. ಬಾಡಿಗೆಗೆ ತರುವ ಮೈಕ್‌ಸೆಟ್ಟಿನಲ್ಲಿ ಮೈಕು ಒಂದೇ. ಬಯಲಲ್ಲಿ ನಟರ ಮಾತು ಹಿಂದಿನ ಸಾಲಿಗೆ ಕೇಳುವುದಿಲ್ಲ. ಅದಕ್ಕೆ ಮೇಷ್ಟ್ರು ಒಂದು ಉಪಾಯ ಮಾಡಿದರು. ನಟರು ನಡೆಯುವುದು, ಕೂರುವುದು, ಅಳುವುದು ಅಷ್ಟೇ. ಕಥೆಯನ್ನೆಲ್ಲ ಮರೆಯಲ್ಲಿ ಕೂತ ಒಂದು ದನಿ ಮೈಕಿನಲ್ಲಿ ಹೇಳುವುದು.

ಆ ದನಿಗೆ ನನ್ನನ್ನು ಕೇಳಲು ಅಪ್ಪನ ಹತ್ತಿರ ಬಂದರು.

“ಹುಡುಗೀನ ನಾಟಕಕ್ಕೆ ಕಳ್ಸೋದಾ? ಮೇಷ್ಟ್ರೇ, ನಾಳೆ ಸಂಬಂಧ ಬಂದಾಗ ಏನಂತ ಹೇಳ್ಲಿ?” ಅಪ್ಪ ಪತ್ರಿಕೆ ಮಡಚದೆಯೇ ಕೇಳಿದರು.

“ಸ್ವಾಮಿ, ಮುಖ ಯಾರೂ ನೋಡಲ್ಲ. ನಿಮ್ಮನೆ ರೂಮಲ್ಲೇ ಕೂತು ಓದ್ತಾಳೆ. ವೈರು ಎಳ್ಕೊಂಡ್ರಾಯ್ತು.”

“ದನಿ ಯಾರದು ಅಂತ ಕೇಳಲ್ವೇ ಜನ?”

“ರೇಡಿಯೋದಲ್ಲಿ ಮಾತಾಡೋರನ್ನ ಯಾರ ಮಗಳು ಅಂತ ನೀವು ಕೇಳಿದೀರಾ?”

ಅಪ್ಪ ಪತ್ರಿಕೆ ಮಡಚಿಟ್ಟರು. ಕೊನೆಗೆ ಒಪ್ಪಿದರು, ಕರಾರುಗಳ ಮೇಲೆ. ಕಿಟಕಿಯ ಒಂದು ಬಾಗಿಲು ಮುಚ್ಚಿರಬೇಕು. ಹೆಸರು ಹೇಳಬಾರದು. ನಾಟಕ ಮುಗಿದು ಜನ ಹೋಗುವ ತನಕ ನಾನು ಹೊಸಿಲು ದಾಟಬಾರದು. ಕಥೆಯ ಹುಡುಗಿಯ ಪಾತ್ರಕ್ಕೆ ಬೇರೆ ಯಾವ ಮನೆಯವರೂ ಮಗಳನ್ನು ಕಳಿಸಲಿಲ್ಲ. ಸಣಕಲು ಮೈಯ ನಮ್ಮಣ್ಣನೇ ಸೀರೆ ಉಡುವುದೆಂದಾಯಿತು.

ನಮ್ಮ ಮನೆಯೆದುರಿಗೆ ಮುಂದೆ ಪಾರ್ಕಾಗಲಿದ್ದ ಖಾಲಿ ಜಾಗವಿತ್ತು. ಅದರ ನಡುವೆ ಒಂದು ಕಲ್ಲು ಕಟ್ಟಿದ ಬಾವಿ. ಬಡಾವಣೆ ಆಗುವ ಮುಂಚೆ ಅಲ್ಲೆಲ್ಲ ಹೊಲವಿತ್ತು. ಬಾವಿಯೂ ಹೊಲವೂ ಒಬ್ಬ ಮುದುಕರಿಗೆ ಸೇರಿದ್ದವು. ಹೊಲ ಹೋದಮೇಲೂ ಅವರು ಅಲ್ಲೇ ಹತ್ತಿರ ಎರಡು ಹಸು ಕಟ್ಟಿಕೊಂಡು ನಮಗೆಲ್ಲ ಹಾಲು ಹಾಕುತ್ತಿದ್ದರು. ಎಲ್ಲರೂ ಅವರನ್ನು ಯಜಮಾನರೆಂದೇ ಕರೆಯುತ್ತಿದ್ದದ್ದು. ದಿನಾ ಸಂಜೆ ಆ ಬಾವಿಯಿಂದ ನೀರು ಸೇದಿ ಹಸುಗಳಿಗೆ ಕುಡಿಸುತ್ತಿದ್ದರು.

ಮೇಷ್ಟ್ರಿಗೆ ಆ ಬಾವಿಯನ್ನು ನೋಡಿಯೇ ನಾಟಕ ಹೊಳೆದದ್ದು. ಇಷ್ಟವಿಲ್ಲದ ಮದುವೆಯ ಹಿಂದಿನ ದಿನ ಹುಡುಗಿಯೊಬ್ಬಳು ಬಾವಿಗೆ ಹಾರುತ್ತಾಳೆ. ಬಾವಿಯ ಒಳಗೋಡೆಯಿಂದ ಹೊರಚಾಚಿದ ಕಲ್ಲಿನ ಮೆಟ್ಟಿಲುಗಳಿದ್ದವು. ಅಣ್ಣ ಕಟ್ಟೆ ದಾಟಿ ಮೂರನೇ ಮೆಟ್ಟಿಲಿಗೆ ಇಳಿದು ಮುದುರಿ ಕೂತರೆ ನೋಡುವವರಿಗೆ ಹಾರಿದಂತೆಯೇ ಕಾಣುತ್ತಿತ್ತು. ಮೆಟ್ಟಿಲಿನ ಎದುರು ದಿಕ್ಕಿಗೆ, ತೆಂಗಿನ ಗರಿಯ ತಡಿಕೆಯ ಮರೆಯಲ್ಲಿ, ಕಾರ್ಖಾನೆಗೆ ಹೋಗುತ್ತಿದ್ದ ಪಕ್ಕದ ಮನೆಯವರೊಬ್ಬರು ಒಂದು ಕಲ್ಲು ಹಿಡಿದು ಕೂತಿರಬೇಕು. ನಾನು “ನೀರು ಬಾಯಿ ತೆರೆಯಿತು” ಎಂದು ಓದಿದ ಕೂಡಲೇ ಅವರು ಕಲ್ಲನ್ನು ನೀರಿಗೆ ಹಾಕಬೇಕು. ಮೊದಲು ಸಣ್ಣ ಕಲ್ಲು ಹಾಕಿ ನೋಡಿದರು. ಸದ್ದು ಮೇಷ್ಟ್ರಿಗೆ ಸಾಲಲಿಲ್ಲ. “ಇದು ಹುಡುಗಿ ಬಿದ್ದ ಸದ್ದಾ, ಚೊಂಬು ಬಿದ್ದ ಸದ್ದಾ?” ಎಂದರು. ಕೊನೆಗೆ ಪಕ್ಕದ ಸೈಟಿನಿಂದ ಸೈಜುಗಲ್ಲಿನ ಒಂದು ಅರ್ಧ ತಂದರು. ಅದನ್ನು ಎತ್ತಲು ಎರಡು ಕೈ ಬೇಕಿತ್ತು. ಅಂದಿನಿಂದ ಪಕ್ಕದ ಮನೆಯವರು ನಮಗೆಲ್ಲ ಕಲ್ಲಿನವರಾದರು.

ಅಭ್ಯಾಸದ ಹೊತ್ತಿನಲ್ಲಿ ಯಜಮಾನರು ಹಸುವಿನ ಹಗ್ಗ ಹಿಡಿದು ನಿಂತು ನೋಡುತ್ತಿದ್ದರು.

“ಸ್ವಾಮಿ, ಆ ಮೂರ್ನೇ ಕಲ್ಲು ನಂಬಬ್ಯಾಡಿ. ಪಾಚಿ ಕಟ್ಟೈತೆ. ನಾವೇ ಅದರ ಮ್ಯಾಲೆ ಕಾಲಿಕ್ಕಾಕಿಲ್ಲ.”

“ಹೌದಾ? ಒಂದು ಗೋಣಿ ಹಾಸಿಬಿಡ್ತೀವಿ ಬಿಡಿ ಯಜಮಾನ್ರೇ,” ಅಂದರು ಮೇಷ್ಟ್ರು.

“ಗೋಣಿ ಏನ್ ಹಿಡ್ಕಂಡಾತು ಸ್ವಾಮಿ?”

“ಯಜಮಾನ್ರಿಗೆ ಕೋಪ ಕಣ್ರೀ,” ಅಂದ ಅಣ್ಣ, ಬಾವಿಯೊಳಗಿಂದ ತಲೆ ಎತ್ತಿ. “ಅವರ ಹಸೂಗೆ ಪಾರ್ಟ್ ಕೊಡ್ಲಿಲ್ಲವಲ್ಲ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಯಜಮಾನರೂ ಅರೆನಕ್ಕು ಹಸುವನ್ನು ಎಳೆದುಕೊಂಡು ಹೋದರು.

ಮೇಷ್ಟ್ರು ನನಗೆ ಕಲಿಸಿದ್ದು ಒಂದೇ ಪಾಠ, ಆದರೆ ದಿನವೂ ಕಲಿಸಿದರು. “ನೋಡಮ್ಮಾ, ನಟ ಮರೆತರೂ ನಾಟಕ ಉಳಿಯತ್ತೆ. ದನಿ ನಿಂತರೆ ಸತ್ತುಹೋಗತ್ತೆ. ಏನೇ ಆಗ್ಲಿ, ಕರೆಂಟು ಹೋಗೋ ತನಕ ನೀನು ನಿಲ್ಲಿಸಬೇಡ. ಅಲ್ಲಿ ಏನಾದ್ರೂ ತಪ್ಪಾದ್ರೆ ಅದಕ್ಕೊಂದು ಮಾತು ಹೊಂದಿಸಿಬಿಡು. ಜನಕ್ಕೆ ಅದೂ ನಾಟಕವೇ ಅನ್ನಿಸಬೇಕು.” ಅವರಿಗೊಂದು ಚಾಳಿಯೂ ಇತ್ತು. ದಿನಾ ಬೆಳಿಗ್ಗೆ ನಾಟಕವನ್ನು ತಿದ್ದುತ್ತಿದ್ದರು. ನಿನ್ನೆ ಇದ್ದ ಮಾತು ಇವತ್ತು ಇರುತ್ತಿರಲಿಲ್ಲ. ಯಾರು ಏನು ಬದಲಾಯಿತೆಂದು ಕೇಳುವುದನ್ನೇ ಬಿಟ್ಟಿದ್ದರು. ಏನು ಹೊಸದು ಕಂಡರೂ, ಓಹೋ, ಮೇಷ್ಟ್ರು ಸೇರಿಸಿದ್ದಾರೆ ಅಂದುಕೊಳ್ಳುವುದು ರೂಢಿಯಾಗಿತ್ತು.

ದೀಪಾವಳಿ ಕಳೆದ ಭಾನುವಾರ. ವಾರವೆಲ್ಲ ಮಳೆ ಹೊಡೆದು ಆ ದಿನ ಬಿಸಿಲು ಬಂದಿತ್ತು. ಬಾವಿಯ ನೀರು ಮೇಲೇರಿತ್ತು. ದೀಪದ ವ್ಯವಸ್ಥೆ ಇಲ್ಲವೆಂದು ನಾಲ್ಕೂವರೆಗೇ ನಾಟಕ.

ಅಮ್ಮ ತನ್ನ ಒಂಬತ್ತು ಗಜದ ಸೀರೆಯನ್ನು ಅಣ್ಣನಿಗೆ ತಾನೇ ಉಡಿಸಿದಳು. “ನಿನಗಿಂತ ಇವನೇ ಲಕ್ಷಣವಾಗಿದ್ದಾನೆ ನೋಡೇ,” ಎಂದು ನನಗೆ ಹೇಳಿದಳು.

“ಹಾಗಾದ್ರೆ ಮೊದಲು ನನಗೇ ಗಂಡು ನೋಡಮ್ಮ,” ಅಂದ ಅಣ್ಣ. ನನ್ನ ತಲೆಗೆ ಮೊಟಕಿ, “ಏ ಕೋತಿ, ಸರಿಯಾಗಿ ಓದು. ನಾನು ಸಾಯೋ ಸೀನಲ್ಲಿ ತೊದಲಿದ್ರೆ ಬಂದು ಒದೀತೀನಿ,” ಅಂದ. ಅವನ ಕೈಯ ಬಳೆ ನನ್ನ ಜಡೆಗೆ ಸಿಕ್ಕಿಕೊಂಡು, ಬಿಡಿಸಲು ಅಮ್ಮ ಬರಬೇಕಾಯಿತು. ಅವನಿಗೆ ಈಜು ಬರುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಯಾರಿಗೂ ಬರುತ್ತಿರಲಿಲ್ಲ. ಆ ಮಾತು ಅಲ್ಲಿಯವರೆಗೆ ಯಾರ ಬಾಯಲ್ಲೂ ಬಂದಿರಲಿಲ್ಲ.

ನಾನು ಕೂತ ಜಾಗದಿಂದ ಏನು ಕಾಣುತ್ತಿತ್ತು ಎಂಬುದನ್ನು ಹೇಳಬೇಕು, ಏಕೆಂದರೆ ಎಲ್ಲವೂ ಅದರ ಮೇಲೆಯೇ ನಿಂತಿದೆ. ಕಿಟಕಿಯ ಎಡಬಾಗಿಲು ಅಪ್ಪನ ಕರಾರಿನಂತೆ ಮುಚ್ಚಿತ್ತು. ಆ ಕಡೆ ಬಾವಿಯ ಮೆಟ್ಟಿಲಿದ್ದದ್ದು. ಅದು ನನಗೆ ಕಾಣುತ್ತಿರಲಿಲ್ಲ. ತೆರೆದ ಅರ್ಧದಲ್ಲಿ ತಡಿಕೆಯ ಹಿಂದೆ ನನಗೆ ಓರೆಯಾಗಿ ಬೆನ್ನು ಹಾಕಿ ಕೂತ ಕಲ್ಲಿನವರು, ಅವರಾಚೆ ಬಾವಿಯ ಕಟ್ಟೆಯ ಒಂದು ತುಂಡು, ಅದರಾಚೆ ಚಾಪೆಯ ಮೇಲೆ ಜನ. ಮುಂದಿನ ಸಾಲಿನಲ್ಲಿ ಅಮ್ಮ. ಪಕ್ಕದಲ್ಲಿ ನಿಂತ ಮೇಷ್ಟ್ರು. ಲೌಡ್‌ಸ್ಪೀಕರಿನ ಹಾರನ್ನನ್ನು ಬಾವಿಯ ಪಕ್ಕದ ಹೊಂಗೆ ಮರಕ್ಕೆ ಕಟ್ಟಿದ್ದರು. ಅದು ಸರಿಯಾಗಿ ಕಲ್ಲಿನವರ ತಲೆಯ ಮೇಲಿತ್ತು. ಅದರ ಮೊರೆತಕ್ಕೆ ಅವರ ಕಿವಿಗೆ ಬೇರೆ ಸದ್ದು ಬೀಳುತ್ತಿರಲಿಲ್ಲ.

ಮುಕ್ಕಾಲು ಗಂಟೆ ಎಲ್ಲವೂ ಚೆನ್ನಾಗಿ ನಡೆಯಿತು. ನನ್ನ ದನಿ ಹಾರನ್ನಿನಿಂದ ಹೊರಟು ಎದುರು ಮನೆಯ ಗೋಡೆಗೆ ಬಡಿದು ನನಗೇ ವಾಪಸು ಬರುತ್ತಿತ್ತು. ನಾನು ನಗಿಸಬೇಕೆಂದಲ್ಲಿ ಜನ ನಕ್ಕರು. ತಗ್ಗಿಸಿದಲ್ಲಿ ತಗ್ಗಿದರು. ಆ ವಯಸ್ಸಿನ ಹುಡುಗಿಗೆ, ಅದುವರೆಗೆ ಕಾಲೇಜಿನಲ್ಲೂ ಎದ್ದು ನಿಂತು ಮಾತಾಡದವಳಿಗೆ, ಅದು ತಲೆಗೇರುವಂಥದ್ದು. ನಾನು ಹೇಳಿದ್ದು ಆಗುತ್ತಿತ್ತು. ಅಥವಾ ಆಗುವುದನ್ನು ನಾನೇ ಆಗಿಸುತ್ತಿದ್ದೇನೆ ಅನ್ನಿಸುತ್ತಿತ್ತು.

ಬಾವಿಯ ದೃಶ್ಯ ಬಂತು. ಅಣ್ಣ ಸೆರಗು ಬಿಗಿದು ನಡೆದು, ನನ್ನ ಕಿಟಕಿಯ ಮುಚ್ಚಿದ ಅರ್ಧದ ಹಿಂದೆ ಮರೆಯಾದ. ಜನರ ಕತ್ತುಗಳು ಅವನ ಜೊತೆ ತಿರುಗಿದವು. ಕಟ್ಟೆ ಹತ್ತಿ ಒಳಗಿಳಿದನೆಂಬುದು ಆ ಕತ್ತುಗಳಿಂದಲೇ ನನಗೆ ಗೊತ್ತಾಯಿತು. ಓದಿದೆ.

“ಅವಳು ಹಿಂದಿರುಗಿ ನೋಡಲಿಲ್ಲ. ಅಂಗಳದ ರಂಗೋಲಿ ಇನ್ನೂ ಹಸಿಯಾಗಿತ್ತು.”

ಇನ್ನು ಉಳಿದದ್ದು ಎರಡು ವಾಕ್ಯ. ಬಾಗಿಲಿನ ತೋರಣದ್ದೊಂದು, ನೀರಿನದೊಂದು. ಅಷ್ಟರಲ್ಲಿ ದುಡುಂ ಎಂದು ಸದ್ದಾಯಿತು.

ಕಲ್ಲಿನವರು ಅವಸರ ಮಾಡಿದರು ಅಂದುಕೊಂಡೆ. ಸಿಟ್ಟು ಬಂತು. ಇಡೀ ದೃಶ್ಯ ಕೆಡಿಸಿದರಲ್ಲ ಎಂದು ಹಾಳೆಯ ಮೇಲಿನ ಕಣ್ಣು ತೆಗೆಯದೆ ಮುಂದೇನು ಮಾಡಲಿ ಎಂದು ಹುಡುಕಿದೆ. ಆಗ “ಅಮ್ಮಾ!” ಎಂಬ ಕೂಗು ಕೇಳಿತು. ಮತ್ತೆ ಇನ್ನೊಮ್ಮೆ, ನೀರು ತುಂಬಿದ ಬಾಯಿಂದ, “ಅಮ್ಮಾ!”

ಆ ಕೂಗು ನನ್ನ ಹಾಳೆಯಲ್ಲಿರಲಿಲ್ಲ. ಆದರೆ ನನಗೆ ಮೇಷ್ಟ್ರ ಪಾಠ ಇತ್ತು. ಅಣ್ಣ ತಾನೇ ಸೇರಿಸಿದನೋ, ಮೇಷ್ಟ್ರು ಬೆಳಿಗ್ಗೆ ಸೇರಿಸಿ ನನಗೆ ಹೇಳುವುದು ಮರೆತರೋ, ಅಂತೂ ದನಿ ನಿಲ್ಲಬಾರದು, ಮಾತು ಹೊಂದಿಸಬೇಕು. ನಾನು ಹೊಂದಿಸಿದೆ.

“ಅವಳು ಅಮ್ಮನನ್ನು ಕರೆದಳು. ಆದರೆ ಊರು ತನ್ನ ಪಾಡಿಗೆ ತಾನಿತ್ತು. ಆ ಕೂಗು ಯಾರಿಗೂ ಕೇಳಲಿಲ್ಲ.”

ಒಳ್ಳೆಯ ವಾಕ್ಯಗಳು ಅನ್ನಿಸಿತು. ಅದನ್ನು ಮುಚ್ಚಿಡುವುದಿಲ್ಲ. ಕೊನೆಯದನ್ನು ನಿಧಾನವಾಗಿ, ದನಿ ಇಳಿಸಿ, ಚೆನ್ನಾಗಿ ಹೇಳಿದೆ. ಈಗಲೂ ಕೆಲವು ಸಲ ಗಡಿಯಾರ ಎದುರಿಗಿಟ್ಟುಕೊಂಡು ಆ ಮೂರು ವಾಕ್ಯ ಹೇಳಿ ನೋಡುತ್ತೇನೆ. ಹನ್ನೊಂದು ಸೆಕೆಂಡು ಹಿಡಿಯುತ್ತದೆ. ಅವಸರದಲ್ಲಿ ಹೇಳಿದರೂ ಒಂಬತ್ತಕ್ಕಿಂತ ಕಡಿಮೆಯಾಗುವುದಿಲ್ಲ.

ಕೂಗು ನಿಂತಿತು. ನನ್ನ ಮಾತಿಗೆ ಸರಿಯಾಗಿ ನಿಂತಿತು. ಎಷ್ಟು ಚೆನ್ನಾಗಿ ಹೊಂದಿಕೊಂಡಿತಲ್ಲ ಎಂದು ತಲೆಯೆತ್ತಿ ಕಿಟಕಿಯಾಚೆ ನೋಡಿದೆ. ಮುಂದಿನ ಸಾಲಿನಲ್ಲಿ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಮಗನ ಅಭಿನಯಕ್ಕೆ ಅಳುತ್ತಿದ್ದಳು. ಅವಳ ಈಚೆಗೆ ತಡಿಕೆ. ತಡಿಕೆಯ ಈಚೆಗೆ ಕಲ್ಲಿನವರ ಬೆನ್ನು. ಅವರ ಮೊಣಕಾಲ ಮೇಲೆ, ಎರಡೂ ಕೈಯ ನಡುವೆ, ಕಲ್ಲು.

ಕಲ್ಲು ಇನ್ನೂ ಅವರ ಕೈಯಲ್ಲೇ ಇತ್ತು.

ಹಾಗಾದರೆ ನೀರಿಗೆ ಬಿದ್ದದ್ದು ಯಾವುದು ಎಂಬ ಪ್ರಶ್ನೆಯೂ ಉತ್ತರವೂ ಒಟ್ಟಿಗೇ ಬಂದವು. ಅವರು ಕಾಯುತ್ತಿದ್ದದ್ದು ನನ್ನ ಮಾತಿಗೆ. ಹಾಳೆಯಲ್ಲಿ ಬೆರಳಿಟ್ಟ ಜಾಗದಲ್ಲೇ ಆ ಮಾತು ಇತ್ತು. ನಾನು ಅದನ್ನು ಓದಿದರೆ ಕಲ್ಲು ಕೆಳಗೆ ಹೋಗುತ್ತದೆ. ಕೆಳಗೆ ಅಣ್ಣ ಇದ್ದಾನೆ.

ನಾನು ನಿಲ್ಲಿಸಿದೆ. ಹಾರನ್ನು ಸುಮ್ಮನಾಯಿತು. ಮೇಷ್ಟ್ರು ನನ್ನ ಕಿಟಕಿಯ ಕಡೆ ತಿರುಗಿ, ಓದು ಓದು ಎಂದು ಬೆರಳು ತಿರುಗಿಸಿದರು. ನಾನು ಓದಲಿಲ್ಲ. ಅವರು ಹಲ್ಲು ಕಚ್ಚಿ ಕೈ ಮೇಲೆತ್ತಿದರು. ಹಾರನ್ನಿನ ಅಬ್ಬರದಲ್ಲಿ ಮಾತು ಕೇಳದೆ ಹೋದರೆ ಮೇಷ್ಟ್ರ ಕೈ ನೋಡಿ ಕಲ್ಲು ಹಾಕಬೇಕೆಂದು ಅಭ್ಯಾಸದಲ್ಲೇ ಮಾತಾಗಿತ್ತು. ಕಲ್ಲಿನವರು ತಡಿಕೆಯ ಸಂದಿನಿಂದ ಆ ಕೈ ನೋಡಿದರು. ಮಂಡಿಯೂರಿ ಎದ್ದರು. ಕಲ್ಲನ್ನು ಕಟ್ಟೆಯ ಮೇಲಕ್ಕೆತ್ತಿದರು.

“ಹಾಕ್ಬೇಡಿ!” ಎಂದು ಮೈಕಿನಲ್ಲಿ ಚೀರಿದೆ. “ಕಲ್ಲು ಹಾಕ್ಬೇಡಿ! ಅಣ್ಣ ನೀರಲ್ಲಿದ್ದಾನೆ!”

ಅವರು ಎತ್ತಿದ ಕಲ್ಲಿನೊಂದಿಗೆ ಹಾಗೇ ನಿಂತು ತಿರುಗಿ ನನ್ನನ್ನು ನೋಡಿದರು. ಕಲ್ಲಿನ ಭಾರಕ್ಕೆ ತೋಳು ಕುಸಿಯುತ್ತಿತ್ತು. ಮೇಷ್ಟ್ರ ಮುಖ ಕೆಂಪಾಗಿತ್ತು. ಜನ ಮಾತ್ರ ಕೂತೇ ಇದ್ದರು.

“ಬಿದ್ದುಬಿಟ್ಟಿದ್ದಾನೆ! ನಿಜವಾಗ್ಲೂ ಬಿದ್ದಿದ್ದಾನೆ, ಏಳಿ ಎಲ್ಲಾ!”

ಎಲ್ಲೋ ಹಿಂದಿನ ಸಾಲಿನಲ್ಲಿ ಒಬ್ಬರು ಚಪ್ಪಾಳೆ ತಟ್ಟಿದರು. ಇನ್ನಿಬ್ಬರು ಸೇರಿಕೊಂಡರು. ಮುಕ್ಕಾಲು ಗಂಟೆಯಿಂದ ಆ ಹಾರನ್ನು ಏನು ಹೇಳಿದರೂ ಅದು ಕಥೆಯಾಗಿತ್ತು. ಈಗಲೂ ಅದು ಕಥೆಯನ್ನೇ ಹೇಳುತ್ತಿದೆ ಎಂದು ಅವರು ನಂಬಿದ್ದರು. ಅವರೆಲ್ಲ ಓದುಬರಹ ಬಲ್ಲವರು, ಕಚೇರಿಗೆ ಹೋಗುವವರು, ವಾರ ವಾರ ನಮ್ಮ ಹಜಾರದಲ್ಲಿ ಕೂತು ದನಿಯನ್ನು ನಂಬಲು ಕಲಿತವರು. ನಾನು ಹೆಚ್ಚು ಕಿರುಚಿದಷ್ಟೂ ನಾಟಕ ಚೆನ್ನಾಗಿ ಆಗುತ್ತಿತ್ತು.

ಮೈಕು ಬಿಟ್ಟು ಎದ್ದೆ. ವೈರು ಕಾಲಿಗೆ ಸುತ್ತಿ ಮೊಣಕಾಲೂರಿ ಬಿದ್ದೆ. ಎದ್ದು ಹಜಾರ ದಾಟಿ, ಹೊಸಿಲು ದಾಟಿ, ಜಲ್ಲಿಯ ರಸ್ತೆಯ ಮೇಲೆ ಬರಿಗಾಲಲ್ಲಿ ಓಡಿದೆ. ಬಾವಿಯ ಆ ಬದಿಗೆ ಬಂದಾಗ ಕಂಡದ್ದನ್ನು ನಾನು ಇವತ್ತಿಗೂ ಸರಿಯಾಗಿ ನಂಬಲಾರೆ. ಸಂಘದ ಇಬ್ಬರು ಕಾರ್ಯಕರ್ತರು, ಎದೆಗೆ ರಿಬ್ಬನ್ ಹೂವು ಚುಚ್ಚಿಕೊಂಡವರು, ಯಜಮಾನರ ಎರಡೂ ತೋಳು ಹಿಡಿದು ಹಿಂದಕ್ಕೆ ತಳ್ಳುತ್ತಿದ್ದರು. ಯಜಮಾನರ ಕೈಯಲ್ಲಿ ಹಸುವಿನ ಹಗ್ಗ ಇತ್ತು.

“ಮನ್ಸ ಬಿದ್ದವ್ನೆ ಕಣ್ರಪ್ಪಾ, ಬಿಡ್ರೋ!”

“ಯಜಮಾನ್ರೇ, ಅದು ನಾಟಕ! ಗೊತ್ತಾಗಲ್ವಾ ನಿಮಗೆ? ಅಡ್ಡ ಬರ್ಬೇಡಿ, ಕೂತ್ಕೊಳ್ಳಿ!”

“ಬಿಡಿ ಅವರನ್ನ!” ಅಂದೆ. ಮೈಕಿಲ್ಲದ ನನ್ನ ದನಿ ನಾಲ್ಕು ಮಾರು ದೂರಕ್ಕೂ ಹೋಗುವಂತಿರಲಿಲ್ಲ. ಆದರೆ ಅವರು ನನ್ನನ್ನು ನೋಡಿದರು. ಮನೆಯಿಂದ ಹೊರಗೆ ಕಾಣಿಸಬಾರದಾಗಿದ್ದ ಹುಡುಗಿ ಜಡೆ ಬಿಚ್ಚಿಕೊಂಡು, ಮೊಣಕಾಲಿನ ಹತ್ತಿರ ರಕ್ತವಾಗಿ, ಎದುರಿಗೆ ನಿಂತಿದ್ದಳು. ಆಗ ಕೈ ಬಿಟ್ಟರು. ನನ್ನ ಹಿಂದೆ ಅಮ್ಮನ ಚೀರಾಟ ಕೇಳಿತು. ಅವಳೂ ನನ್ನನ್ನು ನೋಡಿಯೇ ಅರ್ಥಮಾಡಿಕೊಂಡಿದ್ದಳು. ಒಮ್ಮೆಲೇ ಇಡೀ ಮೈದಾನ ಎದ್ದಿತು.

ಮೂರನೇ ಮೆಟ್ಟಿಲ ಮೇಲೆ ಗೋಣಿ ಇರಲಿಲ್ಲ. ಅದು ನೀರಿನ ಮೇಲೆ ತೇಲುತ್ತಿತ್ತು. ಪಕ್ಕದಲ್ಲಿ ಅಣ್ಣನಿಗೆ ಮುಡಿಸಿದ್ದ ಕಟ್ಟುಗೂದಲು ತೇಲುತ್ತಿತ್ತು. ಕೂದಲಿನ ಆ ಕರಿಯ ಗಂಟನ್ನು ನಾನು ಅಣ್ಣನ ತಲೆ ಅಂದುಕೊಂಡೆ. ಅವನು ಅಲ್ಲಿರಲಿಲ್ಲ. ಎದುರುಗೋಡೆಗೆ, ಸರಿಯಾಗಿ ಕಲ್ಲು ಬೀಳಬೇಕಿದ್ದ ಜಾಗದಲ್ಲಿ, ಕಲ್ಲಿನ ಸಂದಿಗೆ ಬೆರಳು ತುರುಕಿ ಅಂಟಿಕೊಂಡಿದ್ದ. ಮೂಗಷ್ಟೇ ನೀರಿನ ಮೇಲೆ. ಒಂಬತ್ತು ಗಜದ ಸೀರೆ ಕಾಲಿಗೆ ಸುತ್ತಿಕೊಂಡು ಅವನನ್ನು ಕೆಳಗೆಳೆಯುತ್ತಿತ್ತು. ಕಣ್ಣು ತೆರೆದಿತ್ತು. ನಮ್ಮನ್ನು ನೋಡುತ್ತಿರಲಿಲ್ಲ.

ಯಜಮಾನರು ಹಗ್ಗದ ಒಂದು ತುದಿಯನ್ನು ಹೊಂಗೆ ಮರಕ್ಕೆ ಒಂದು ಸುತ್ತು ಹಾಕಿ ಕಲ್ಲಿನವರ ಕೈಗೆ ಕೊಟ್ಟರು. ಕಲ್ಲಿನವರು ಅಷ್ಟು ಹೊತ್ತಿಗೆ ಕಲ್ಲನ್ನು ತಮ್ಮ ಎದೆಗೆ ಒರಗಿಸಿಕೊಂಡು ನೆಲಕ್ಕೆ ಇಳಿಸಿದ್ದರು. ಇಳಿಸುವಾಗ ಕಾಲ ಬೆರಳು ಜಜ್ಜಿಹೋಗಿತ್ತು. ಅದು ಅವರಿಗೆ ತಿಳಿದಿರಲಿಲ್ಲ. ಯಜಮಾನರು ಮೂರನೇ ಮೆಟ್ಟಿಲು ಬಿಟ್ಟು, ಎರಡರಿಂದ ಸೀದಾ ನೀರಿಗೆ ಇಳಿದರು. ಅಣ್ಣನ ಕಂಕುಳ ಕೆಳಗೆ ಹಗ್ಗ ಹಾಕಿದರು. ಬೆರಳು ಬಿಡಿಸುವುದೇ ಕಷ್ಟವಾಯಿತು. “ಬಿಡಪ್ಪಾ, ಬಿಡು ಮಗಾ, ನಾನ್ ಹಿಡ್ದಿವ್ನಿ,” ಎಂದು ಹಸುವಿಗೆ ಹೇಳುವ ಹಾಗೆ ಹೇಳುತ್ತಿದ್ದರು. ಎಂಟು ಜನ ಎಳೆದರು.

ಮೇಲೆ ತಂದು ಬೋರಲು ಮಲಗಿಸಿದಾಗ ನೀರು ಕಾರಿದ. ಉಸಿರಿತ್ತು. ಅಪ್ಪ ಗುಂಪನ್ನು ಸೀಳಿಕೊಂಡು ಬಂದು, ತಮ್ಮ ಕೋಟು ಬಿಚ್ಚಿ ಅವನ ಮೇಲೆ ಹೊದಿಸಿ, ಏನು ಮಾಡಬೇಕೆಂದು ತಿಳಿಯದೆ ಅವನ ಕೈಯಲ್ಲಿದ್ದ ಗಾಜಿನ ಬಳೆಗಳನ್ನು ಒಂದೊಂದಾಗಿ ತೆಗೆಯತೊಡಗಿದರು. ನನ್ನ ಪಕ್ಕದಲ್ಲಿ ಒಬ್ಬ ವಯಸ್ಸಾದವರು ಇನ್ನೊಬ್ಬರನ್ನು ಮೆಲ್ಲಗೆ ಕೇಳುತ್ತಿದ್ದರು: “ಇದೂ ಅದರಲ್ಲೇ ಬರತ್ತೇನ್ರೀ?”

ಅಣ್ಣನಿಗೆ ಎಂಟು ದಿನ ಜ್ವರ. ಬೆರಳಿನ ಉಗುರು ಮೂರು ಕಿತ್ತುಹೋಗಿದ್ದವು. ಆ ಎಂಟು ದಿನ ಅವನು ಆ ಸಂಜೆಯ ಮಾತೆತ್ತಲಿಲ್ಲ. ನಾನೇ ಗಂಜಿ ಕುಡಿಸುತ್ತಿದ್ದೆ. ಒಂಬತ್ತನೇ ದಿನ ಬೆಳಿಗ್ಗೆ ದಿಂಬಿಗೆ ಒರಗಿ ಕೂತವನು, ಲೋಟ ಕೈಗೆ ತೆಗೆದುಕೊಳ್ಳದೆ ಹೇಳಿದ.

“ಬಾವಿ ಒಳಗೆ ನಿನ್ನ ದನಿ ಎಷ್ಟು ಚೆನ್ನಾಗಿ ಕೇಳ್ತಿತ್ತು ಗೊತ್ತಾ? ನೆತ್ತಿ ಮೇಲೇ ಇತ್ತಲ್ಲ ಆ ಹಾರನ್ನು. ನನ್ನ ಕೂಗು ನನಗೇ ಕೇಳ್ತಿರ್ಲಿಲ್ಲ.”

ನಾನು ಲೋಟವನ್ನು ಮಡಿಲಲ್ಲಿಟ್ಟುಕೊಂಡೆ.

“ಎರಡು ಸಲ ಕೂಗಿದೆ. ಮೂರನೇ ಸಲ ಬಾಯಿ ತೆಗೆದಿದ್ದೆ. ಅಷ್ಟರಲ್ಲಿ ನೀನಂದೆ, ಆ ಕೂಗು ಯಾರಿಗೂ ಕೇಳಲಿಲ್ಲ ಅಂತ.” ಅವನು ಕಟ್ಟು ಹಾಕಿದ ಬೆರಳುಗಳನ್ನು ನೋಡಿಕೊಂಡ. “ಹೌದಲ್ವಾ ಅನ್ನಿಸ್ತು ಕಣೇ. ಕೂಗೋದು ಬಿಟ್ಟೆ. ಕೈಯೂ ಬಿಡೋಣ ಅನ್ನಿಸ್ತು. ಯಾಕೆ ಬಿಡ್ಲಿಲ್ವೋ ಗೊತ್ತಿಲ್ಲ.”

ಗಂಜಿಯ ಮೇಲೆ ಕೆನೆ ಕಟ್ಟುತ್ತಿತ್ತು. ಅದನ್ನು ಚಮಚದಿಂದ ಬದಿಗೆ ಸರಿಸಿದೆ.

“ಆ ಮಾತು ನನ್ನ ಪ್ರತಿಯಲ್ಲಿ ಇರ್ಲಿಲ್ಲ. ಮೇಷ್ಟ್ರು ಯಾವಾಗ ಸೇರಿಸಿದ್ರು?”

ಅವನು ಕೇಳಿದ್ದು ಕೋಪದಿಂದಲ್ಲ. ತಿಳಿದುಕೊಳ್ಳಲು ಕೇಳಿದ. ಆಗ ಹೇಳಬಹುದಿತ್ತು. ಅವನು ಏನೂ ಅನ್ನುತ್ತಿರಲಿಲ್ಲವೇನೋ. ಕೋತಿ ಎಂದು ಬೈದು ಸುಮ್ಮನಾಗುತ್ತಿದ್ದನೋ ಏನೋ.

“ಅವತ್ತು ಬೆಳಿಗ್ಗೆ,” ಅಂದೆ.

ಬಾಗಿಲಲ್ಲಿ ಅಪ್ಪ ನಿಂತಿದ್ದರು. ಅರ್ಧ ಮುಖಕ್ಕೆ ಸೋಪು ಹಚ್ಚಿಕೊಂಡು, ಕೈಯಲ್ಲಿ ಕ್ಷೌರದ ಕತ್ತಿ ಹಿಡಿದು ಎಲ್ಲವನ್ನೂ ಕೇಳಿಸಿಕೊಂಡಿದ್ದರು.

ಅಂದು ಸಂಜೆ ಮೇಷ್ಟ್ರನ್ನು ಕರೆಸಿದರು. ಮೇಷ್ಟ್ರು ಬಂದು ಹಜಾರದಲ್ಲಿ ನಿಂತರು. ಅಪ್ಪ ಕೂರಲು ಹೇಳಲಿಲ್ಲ. ಆ ಎಂಟು ದಿನಗಳಲ್ಲಿ ಮೇಷ್ಟ್ರು ಇಳಿದುಹೋಗಿದ್ದರು. ಗೋಣಿ ಹಾಸಿದ್ದಕ್ಕೆ, ಕೈ ಎತ್ತಿದ್ದಕ್ಕೆ ಇಡೀ ಬಡಾವಣೆ ಅವರನ್ನು ಆಗಲೇ ಬೈದಾಗಿತ್ತು. ಅಪ್ಪ ಅವೆರಡನ್ನೂ ಕೇಳಲಿಲ್ಲ.

“ಯಾರಿಗೂ ಕೇಳಲಿಲ್ಲ ಅಂತ ಯಾಕೆ ಬರೆದ್ರಿ ಮೇಷ್ಟ್ರೇ? ಆ ಒಂದು ಮಾತಿಗೆ ನನ್ನ ಮಗ ಕೈ ಬಿಡ್ತಿದ್ದ. ಜನ ಎಲ್ಲಾ ಕೂತೇ ಇದ್ರು. ನನ್ನ ಮಗಳ ಬಾಯಲ್ಲಿ ಅದನ್ನ ಹೇಳಿಸಿದ್ರಲ್ಲ, ನಿಮಗೆ ಹೇಗೆ ಮನಸ್ಸು ಬಂತು?”

ಮೇಷ್ಟ್ರಿಗೆ ಮೊದಲು ಅರ್ಥವಾಗಲಿಲ್ಲ. ಅದು ಮುಖದಲ್ಲೇ ಕಂಡಿತು. ತಾವು ಬರೆದದ್ದರ ಒಂ‌ದೊಂದು ಅಕ್ಷರವೂ ಅವರಿಗೆ ಬಾಯಿಪಾಠ. ಆ ಮಾತು ಅದರಲ್ಲಿಲ್ಲ. ಅವರು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿದರು. ನಾನು ಅವರ ಕಣ್ಣು ತಪ್ಪಿಸಲಿಲ್ಲ. ತಪ್ಪಿಸಬೇಕೆಂದರೂ ಆಗಲಿಲ್ಲ. ಬಾಯಿಯಂತೂ ತೆರೆಯಲಿಲ್ಲ. ಅವರು ನೋಡಿದರು, ತಿಳಿದುಕೊಂಡರು, ತಲೆ ತಗ್ಗಿಸಿದರು.

“ತಪ್ಪಾಯ್ತು ಸ್ವಾಮಿ,” ಅಂದರು.

ಅಣ್ಣ ಆಮೇಲೆ ಅವರ ಜೊತೆ ಮಾತಾಡಲಿಲ್ಲ. ರಸ್ತೆಯಲ್ಲಿ ಎದುರಾದರೆ ಈಚೆ ಬದಿಗೆ ಬರುತ್ತಿದ್ದ. ಆರು ತಿಂಗಳಲ್ಲಿ ಮೇಷ್ಟ್ರು ಮನೆ ಖಾಲಿ ಮಾಡಿಕೊಂಡು ಹನುಮಂತನಗರದ ಕಡೆಗೆ ಹೋದರು. ಬಾವಿಗೆ ಕಬ್ಬಿಣದ ಜಾಲರಿ ಬಂತು, ಆಮೇಲೆ ಮಣ್ಣು ಬಂತು. ಅಣ್ಣ ಕೆಲಸಕ್ಕೆ ಸೇರಿದ, ಮದುವೆಯಾದ, ಮೊಮ್ಮಕ್ಕಳನ್ನು ಕಂಡ. ಅವನು ಹೋಗಿ ಮೂರು ವರ್ಷವಾಯಿತು. ನಾನು ಅವನಿಗೆ ಹೇಳಲಿಲ್ಲ. ಆಸ್ಪತ್ರೆಯಲ್ಲಿ ಅವನ ಪಕ್ಕದಲ್ಲಿ ಒಬ್ಬಳೇ ಕೂತಿದ್ದ ಮಧ್ಯಾಹ್ನಗಳಲ್ಲೂ ಹೇಳಲಿಲ್ಲ.

ಮೇಷ್ಟ್ರನ್ನು ಮತ್ತೆ ಒಂದೇ ಸಲ ನೋಡಿದ್ದು. ಅರವತ್ತರ ದಶಕದ ಕೊನೆ, ನನ್ನ ಮದುವೆಯಾಗಿ ಸ್ವಲ್ಪ ಕಾಲವಾಗಿತ್ತು. ಗಾಂಧಿ ಬಜಾರಿನ ಬಸ್‌ಸ್ಟಾಪಿನಲ್ಲಿ ಕೈಚೀಲ ಹಿಡಿದು ನಿಂತಿದ್ದರು. ಕೂದಲು ಪೂರಾ ಬೆಳ್ಳಗಾಗಿತ್ತು. ನನ್ನನ್ನು ಅವರೇ ಗುರುತು ಹಿಡಿದರು.

“ಅಣ್ಣ ಹೇಗಿದ್ದಾನಮ್ಮಾ?”

“ಚೆನ್ನಾಗಿದ್ದಾನೆ ಸಾರ್.”

“ಉಗುರು ಬಂತಾ ಸರಿಯಾಗಿ?”

“ಬಂತು ಸಾರ್.”

ಅವರು ತಲೆಯಾಡಿಸಿದರು. ಇನ್ನೇನಾದರೂ ಕೇಳುತ್ತಾರೆ ಎಂದು ಕಾದೆ. ಕೇಳಿದ್ದರೆ ಹೇಳಿಬಿಡುತ್ತಿದ್ದೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅವರು ಕೇಳಲಿಲ್ಲ. ಬಸ್ಸು ಬಂತು. ನಾನು ಹೋಗಬೇಕಿದ್ದದ್ದೂ ಅದೇ ಬಸ್ಸು. ಅವರು ಪಕ್ಕಕ್ಕೆ ಸರಿದು, “ಹತ್ತಮ್ಮಾ,” ಎಂದು ನನಗೆ ದಾರಿ ಬಿಟ್ಟರು.

“ನೀವು ಹೋಗಿ ಸಾರ್, ನಂದು ಬೇರೆ ಬಸ್ಸು,” ಅಂದೆ.